ಹಳೇ ಆಯಿಲ್ ಫಿಲ್ಟರ್ ಎಸೆಯೋ ಮುಂಚೆ

ಸ್ವಂತ ಕಾರು ತಗೊಂಡಿದ್ದೀಯ, ತುಂಬಾ ಸಂತೋಷ ಮಗಾ. ಒಂದು ಮಾತು ಮಾತ್ರ ನೆನಪಿಟ್ಟುಕೋ. ಸರ್ವಿಸಿಗೆ ಬಿಟ್ಟಾಗ ‘ಆಯಿಲ್ ಬದಲಾಯಿಸಿ, ಫಿಲ್ಟರ್ ಇನ್ನೊಂದು ಸಲಕ್ಕೆ ನೋಡೋಣ’ ಅಂತ ಹೇಳಬೇಡ.

ಹೊರಗಿಂದ ಅದೊಂದು ತಗಡಿನ ಡಬ್ಬಿ, ಅಷ್ಟೇ. ಬುಡದ ದಪ್ಪ ತಟ್ಟೆ ನೋಡು: ಸುತ್ತ ಸಣ್ಣ ತೂತುಗಳು, ನಡುವೆ ಥ್ರೆಡ್ ಇರೋ ದೊಡ್ಡ ತೂತು. ಪಂಪ್ ತಳ್ಳಿದ ಆಯಿಲ್ ಸಣ್ಣ ತೂತುಗಳಿಂದ ಒಳಗೆ ಹೋಗಿ, ನೆರಿಗೆ ನೆರಿಗೆಯಾಗಿ ಮಡಿಸಿದ ಕಾಗದವನ್ನು ಹೊರಗಿಂದ ಒಳಕ್ಕೆ ದಾಟಿ, ತೂತುತೂತಿನ ಕೊಳವೆಗೆ ಇಳಿದು, ನಡುವಿನ ತೂತಿನಿಂದ ಬೇರಿಂಗುಗಳ ಕಡೆ ಹೊರಡುತ್ತೆ. ಬಿಸಿ ಆಯಿಲಿನಲ್ಲಿ ಮೆತ್ತಗಾಗದ ಹಾಗೆ ಆ ಕಾಗದಕ್ಕೆ ರೆಸಿನ್ ಕುಡಿಸಿರ್ತಾರೆ. ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಒಳ್ಳೆಯ ಫಿಲ್ಟರ್ 20–30 ಮೈಕ್ರಾನಿನ ಕಸವನ್ನೂ ಬಹುಪಾಲು ಹಿಡಿದುಬಿಡುತ್ತೆ.

ಕಾಗದದ ಜೊತೆ ಎರಡು ವಾಲ್ವ್ ಇರುತ್ತವೆ. ತಟ್ಟೆಗೆ ಅಂಟಿದಂತಿರೋ ರಬ್ಬರ್ ಬಿಲ್ಲೆ ಒಂದು. ಎಂಜಿನ್ ನಿಂತಾಗ ಇದು ಸಣ್ಣ ತೂತುಗಳನ್ನು ಮುಚ್ಚಿ, ಆಯಿಲ್ ಚೇಂಬರಿಗೆ ವಾಪಸ್ ಇಳಿಯದಂತೆ ತಡೆಯುತ್ತೆ. ಅಗ್ಗದ ಡೂಪ್ಲಿಕೇಟಿನಲ್ಲಿ ಈ ರಬ್ಬರ್ ಬೇಗ ಸೆಟೆದುಕೊಳ್ಳುತ್ತೆ. ಆಗ ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಕಟಕಟ ಸದ್ದು ಬರಬಹುದು. ಆಯಿಲ್ ಮೇಲೇರೋವರೆಗೂ ಲೋಹಕ್ಕೆ ಲೋಹ ಉಜ್ಜೋ ಸದ್ದು ಅದು.

ಇನ್ನೊಂದು ಸ್ಪ್ರಿಂಗ್ ಇರೋ ಬೈಪಾಸ್ ವಾಲ್ವ್. ನನಗೆ ಹೆಚ್ಚು ಚಿಂತೆ ಇದರದ್ದೇ. ಕಾಗದ ಕಟ್ಟಿಕೊಂಡರೆ ಇದು ತೆರೆದು, ಸೋಸದ ಆಯಿಲನ್ನೇ ಎಂಜಿನ್ನಿಗೆ ಬಿಡುತ್ತೆ. ಆಯಿಲೇ ಸಿಗದಿರೋದಕ್ಕಿಂತ ಕೊಳಕು ಆಯಿಲ್ ವಾಸಿ ಅನ್ನೋ ಲೆಕ್ಕ. ಲೆಕ್ಕ ಸರಿಯೇ. ಆದರೆ ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತಲ್ಲ, ಗಾಡಿ ಎಳೆಯೋದೂ ಕಮ್ಮಿಯಾಗಲ್ಲ. ಕಟ್ಟಿಕೊಂಡ ಫಿಲ್ಟರಿನಲ್ಲಿ ತಿಂಗಳುಗಟ್ಟಲೆ ಓಡಿಸಿದರೂ ನಿನಗೆ ಗೊತ್ತೇ ಆಗಲ್ಲ, ಬೇರಿಂಗ್ ಮಾತ್ರ ಸವೀತಾ ಇರುತ್ತೆ. ಕೆಲವು ಗಾಡಿಗಳಲ್ಲಿ ಈ ವಾಲ್ವ್ ಫಿಲ್ಟರಿನಲ್ಲಿರಲ್ಲ, ಎಂಜಿನ್ನಿನಲ್ಲೇ ಇರುತ್ತೆ. ಅದಕ್ಕೇ ಥ್ರೆಡ್ ಕೂತಿತು ಅಂತ ಯಾವುದೋ ಫಿಲ್ಟರ್ ಹಾಕಿಸಬೇಡ. ನಿನ್ನ ಮಾಡೆಲ್ಲಿನ ಪಾರ್ಟ್ ನಂಬರ್ ನೋಡಿಯೇ ತಗೋ.

ಹಾಕುವಾಗ ಹಳೇ ರಬ್ಬರ್ ರಿಂಗ್ ಎಂಜಿನ್ನಿಗೇ ಅಂಟಿಕೊಂಡಿದೆಯಾ ನೋಡಿಸು. ಎರಡು ರಿಂಗ್ ಸೇರಿದರೆ ಆಯಿಲ್ ಸುರಿದುಹೋಗುತ್ತೆ. ಹೊಸ ರಿಂಗಿಗೆ ಬೆರಳಲ್ಲಿ ಆಯಿಲ್ ಸವರಿ ಕೈಯಲ್ಲೇ ತಿರುಗಿಸಲಿ, ಪಾನಾ ಬೇಡ. ರಿಂಗ್ ತಾಕಿದ ಮೇಲೆ ಸಾಮಾನ್ಯವಾಗಿ ಮುಕ್ಕಾಲು ಸುತ್ತು ಸಾಕು.

ತೆಗೆದ ಫಿಲ್ಟರನ್ನು ಒಮ್ಮೆ ಬಿಚ್ಚಿಸಿ ನೋಡು. ಆಕ್ಸಾ ಬ್ಲೇಡಿನಲ್ಲಿ ಕೊಯ್ದರೆ ಅದರ ಪುಡಿಯೇ ಒಳಗೆ ಬಿದ್ದು ದಾರಿ ತಪ್ಪಿಸುತ್ತೆ, ಫಿಲ್ಟರ್ ಕಟರ್ ಇರೋ ಗ್ಯಾರೇಜಾದರೆ ಒಳ್ಳೆಯದು. ಕಾಗದವನ್ನು ಹಿಂಡಿ, ಬಿಸಿಲಲ್ಲಿ ಹರವು. ಕಪ್ಪು ಮಡ್ಡಿ ಸಹಜ. ಫಳಫಳ ಹೊಳೆಯೋ ಚೂರುಗಳು ಕಂಡರೆ ಅಯಸ್ಕಾಂತ ಹಿಡಿ: ಅಂಟಿದರೆ ಕಬ್ಬಿಣ, ಅಂಟದಿದ್ದರೆ ಅಲ್ಯೂಮಿನಿಯಂ ಅಥವಾ ಬೇರಿಂಗಿನ ಪದರ ಇರಬಹುದು. ಯಾವುದೇ ಆಗಲಿ, ಅದನ್ನು ಕಾಗದದ ಸಮೇತ ಮೆಕ್ಯಾನಿಕ್‌ಗೆ ತೋರಿಸದೆ ದೂರದ ಊರಿಗೆ ಗಾಡಿ ತೆಗೀಬೇಡ.