ಖಾಡಿಯ ಕೆಸರಿನಲ್ಲಿ ಏನುಂಟು?

ಮಾನಖುರ್ದಿನಿಂದ ವಾಶಿಗೆ ಹೋಗುವ ರೈಲು ಠಾಣೆ ಖಾಡಿಯ ಸೇತುವೆಗೆ ಬಂದೊಡನೆ ನಮ್ಮಲ್ಲಿ ಅನೇಕರು ಮೂಗಿಗೆ ಕರವಸ್ತ್ರ ಹಿಡಿಯುತ್ತೇವೆ. ಇಳಿತದ ವೇಳೆಯಾದರೆ ದಂಡೆಯಲ್ಲಿ ಕಾಣುವುದು ಕಪ್ಪು ಕೆಸರು ಮಾತ್ರ. ಪಾಳುಭೂಮಿಯೆಂದು ಮುಖ ತಿರುಗಿಸುತ್ತೇವೆ. ಆದರೆ ಕಡಲಿನ ದೊಡ್ಡದೊಂದು ಸಂಸಾರವೇ ಆ ಕೆಸರಿನಲ್ಲಿ ನಡೆದಿದೆ.

ಮೊದಲು ವಾಸನೆಯ ವಿಚಾರ. ಇದರಲ್ಲಿ ಊರ ಕೊಳಚೆಯ ಪಾಲೂ ಉಂಟು, ನಿಜ. ಆದರೆ ಕೊಳಚೆ ಸೇರದ ಖಾಡಿಯ ಕೆಸರೂ ಕೊಳೆತ ಮೊಟ್ಟೆಯಂತೆ ನಾರುವುದು. ಮೇಲ್ಪದರದ ಕೆಳಗೆ ಪ್ರಾಣವಾಯು ಇಲ್ಲ. ಅಲ್ಲಿಯ ಸೂಕ್ಷ್ಮಾಣುಗಳು ಸಮುದ್ರದ ನೀರಿನಲ್ಲಿರುವ ಗಂಧಕದ ಲವಣವನ್ನು ಬಳಸಿ, ಉದುರಿದ ಎಲೆಗಳನ್ನು ಕೊಳೆಸುತ್ತವೆ. ಆ ಕೆಲಸದಿಂದ ಹುಟ್ಟುವ ವಾಯುವಿನ ವಾಸನೆ ಅದು. ಹೀಗೆ ಕೊಳೆತ ಎಲೆಯೇ ಹುಳ, ಏಡಿ, ಸಿಗಡಿಮರಿಗಳಿಗೆ ಆಹಾರ.

ಗಿರಣಿಯಂತೆ ಇಲ್ಲಿಯೂ ಪಾಳಿಗಳುಂಟು. ಒಂದು ಭರತದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ನೀರು ಏರಿದಾಗ ಮೀನು, ಸಿಗಡಿಗಳು ಮೇಯಲು ಬರುತ್ತವೆ. ಇಳಿದಾಗ ಬಿಲಗಳಿಂದ ಏಡಿಗಳು ಹೊರಬೀಳುತ್ತವೆ. ಅವುಗಳಲ್ಲಿ ಒಂದು ಜಾತಿಯ ಗಂಡಿಗೆ ಒಂದು ಕೊಂಬು ಮಾತ್ರ ಬಲು ದೊಡ್ಡದು. ಅದನ್ನು ಬೀಸಿ ಹೆಣ್ಣನ್ನು ಕರೆಯುತ್ತದೆ. ಸಣ್ಣ ಕೊಂಬಿನಿಂದ ಕೆಸರನ್ನು ಬಾಯಿಗಿಟ್ಟು, ಪಾಚಿಯನ್ನು ಸೋಸಿಕೊಂಡು, ಉಳಿದ ಮಣ್ಣನ್ನು ಗುಳಿಗೆಯಂತೆ ಉಗುಳುತ್ತದೆ. ಇಲ್ಲಿಯ ಬೆಸ್ತರು ನಿವಟಿ ಎನ್ನುವ ಮೀನು ಇನ್ನೂ ವಿಚಿತ್ರ: ಈಜುರೆಕ್ಕೆಗಳನ್ನೂರಿ ಕೆಸರ ಮೇಲೆ ನಡೆಯುತ್ತದೆ; ಮೈ ಒದ್ದೆಯಿರುವವರೆಗೆ ಚರ್ಮದಿಂದಲೇ ಉಸಿರಾಡುತ್ತದೆ.

ಈ ಬಿಲಗಳೇ ಕೆಸರಿನ ಕಿಟಕಿಗಳು. ಅವುಗಳ ಮೂಲಕ ಒಳಗೆ ಗಾಳಿ ಹೋಗಿ, ನಮ್ಮ ಕರಾವಳಿಯವರು ಕಾಂಡ್ಲವೆನ್ನುವ ಗಿಡಗಳ ಬೇರುಗಳಿಗೂ ಉಪಕಾರವಾಗುತ್ತದೆ. ಆ ಗಿಡಗಳ ನೆರಳಿನ ಕಾಲುವೆಗಳಲ್ಲಿಯೇ ಸಿಗಡಿಮರಿಗಳು ಬೆಳೆದು ಕಡಲಿಗೆ ಹೋಗುವುದು.

ಈಗ ಯೋಚಿಸೋಣ. ಒಡೆದ ಮನೆಗಳ ಕಲ್ಲುಮಣ್ಣನ್ನು ಲಾರಿಯಲ್ಲಿ ತಂದು ಇಲ್ಲಿ ಸುರಿದರೆ ಏನಾಗುವುದು? ಬಿಲ ಮುಚ್ಚುವುದು, ಗಿಡ ಸಾಯುವುದು, ಬೆಸ್ತನ ಬಲೆ ಬರಿದಾಗುವುದು, ಪೇಟೆಯಲ್ಲಿ ನಮ್ಮ ಮೀನಿನ ಬೆಲೆಯೂ ಏರುವುದು. ಈ ಖಾಡಿಯ ಒಂದು ಭಾಗ 2015ರಲ್ಲಿ ರಾಜಹಂಸಗಳ ಅಭಯಧಾಮವಾಯಿತು. 2018ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಮಹಾರಾಷ್ಟ್ರದಲ್ಲೆಲ್ಲ ಕಾಂಡ್ಲ ಕಡಿಯುವುದನ್ನು ನಿಷೇಧಿಸಿತು. 2022ರಲ್ಲಿ ಖಾಡಿಯು ರಾಮ್ಸಾರ್ ಪಟ್ಟಿಗೆ ಸೇರಿತು. ಕಾಯಿದೆ ಇದ್ದರೂ ಕಾವಲಿಗೆ ಜನರ ಕಣ್ಣು ಬೇಕು. ರೈಲು ಖಾಡಿಯನ್ನು ದಾಟುವಾಗ ಮಕ್ಕಳಿಗೆ, "ಅದು ಪಾಳಲ್ಲ, ಕಡಲಿನ ಅಡಿಗೆಮನೆ" ಎಂದು ತೋರಿಸಿದರೆ ಅಷ್ಟು ಕಣ್ಣುಗಳು ಹೆಚ್ಚಿದಂತೆಯೇ ಸರಿ.