ಪಟ್ಟಿ ಬಿಗಿದರೆ ಬಲ ಬರುವುದೆ?

ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಹೆಸರನ್ನು ಕೇಳದವರು ವಿರಳ. ಅದನ್ನು ನೇಯುವ ಮನೆಯನ್ನು ಹೊಕ್ಕು ನೋಡಿದರೆ, ನೆಲದಲ್ಲಿ ತೋಡಿದ ಗುಂಡಿಯೊಳಕ್ಕೆ ಕಾಲುಗಳನ್ನು ಇಳಿಬಿಟ್ಟು, ಅದರ ಅಂಚಿನಲ್ಲಿ ಕುಳಿತು, ಮಗ್ಗದ ಹಲಗೆಗಳನ್ನು ತುಳಿಯುತ್ತಿರುವ ನೇಕಾರರು ಕಾಣುತ್ತಾರೆ. ಬಹಳ ಹೊತ್ತು ಹಾಗೆ ಕುಳಿತು ಎದ್ದಾಗ ಕಾಲು ಜೋಮು ಹಿಡಿಯುವುದುಂಟು. ಮದುವೆಯ ಮನೆಯಲ್ಲಿ ಪಂಕ್ತಿಯ ಊಟಕ್ಕೆ ಚಕ್ಕಳಮಕ್ಕಳ ಹಾಕಿ ಕುಳಿತವರೂ ಇದನ್ನು ಬಲ್ಲರು. ಇಂತಹುದೇ ಒಂದು ಸಾಮಾನ್ಯ ಅನುಭವದಿಂದ ವ್ಯಾಯಾಮಶಾಸ್ತ್ರದ ಹೊಸದೊಂದು ಅಧ್ಯಾಯ ಆರಂಭವಾಯಿತೆಂದರೆ ವಾಚಕರಿಗೆ ಆಶ್ಚರ್ಯವಾಗಬಹುದು.

೧೯೬೬ರಲ್ಲಿ ಜಪಾನಿನ ಯೋಶಿಯಾಕಿ ಸಾತೊ ಎಂಬ ತರುಣರು ಬೌದ್ಧ ಸಂಪ್ರದಾಯದ ಸ್ಮರಣಕಾರ್ಯವೊಂದರಲ್ಲಿ, ನಮ್ಮ ವಜ್ರಾಸನದಂತೆ ಮಂಡಿಗಳನ್ನು ಮಡಿಸಿ ಕುಳಿತಿದ್ದರು. ಹೊತ್ತು ಕಳೆದಂತೆ ಅವರ ಮೀನಖಂಡಗಳು ಬಿಗಿದು ನೋಯತೊಡಗಿದುವು. ಭಾರ ಎತ್ತಿ ದಣಿದಾಗ ಆಗುವ ಬಿಗಿತವೂ ಇದೇ ಅಲ್ಲವೆ ಎಂದು ಅವರಿಗೆ ತೋರಿತು. ರಕ್ತದ ಹರಿವು ಕುಗ್ಗಿದುದೇ ಎರಡಕ್ಕೂ ಕಾರಣವಿರಬಹುದೆ? ಅಂದಿನಿಂದ ಅವರು ತಮ್ಮ ಕೈಕಾಲುಗಳಿಗೆ ಪಟ್ಟಿ ಕಟ್ಟಿಕೊಂಡು ಪರೀಕ್ಷಿಸುತ್ತ ಹೋದರು. ಹೀಗೆ ರೂಪುಗೊಂಡ ಪದ್ಧತಿಗೆ ‘ಕಾತ್ಸು’ ಎಂದು ಹೆಸರಾಯಿತು. ಒತ್ತಡವನ್ನು ಕೂಡಿಸುವುದು ಎಂದು ಅದರ ಅರ್ಥ.

ಈಗ ಈ ಸುದ್ದಿ ಮೊಬೈಲಿನ ಮೂಲಕ ನಮ್ಮ ಹಳ್ಳಿಗಳಿಗೂ ಮುಟ್ಟಿದೆ. ನಮ್ಮ ವಿದ್ಯಾರ್ಥಿಯೊಬ್ಬನು ಹಳೆಯ ಸೈಕಲ್ ಟ್ಯೂಬನ್ನು ಸೀಳಿ, ತೋಳಿಗೆ ಬಲವಾಗಿ ಸುತ್ತಿಕೊಂಡು ಸಾಮು ಮಾಡಿದನು. ಕೈ ನೀಲಿಗಟ್ಟಿತು. ಟ್ಯೂಬನ್ನು ಬಿಚ್ಚಿದ ಮೇಲೂ ಎರಡು ದಿನ ಬೆರಳುಗಳಿಗೆ ಸ್ಪರ್ಶ ಸರಿಯಾಗಿ ತಿಳಿಯಲಿಲ್ಲ. ಅದೃಷ್ಟವಶಾತ್ ಹೆಚ್ಚಿನ ಕೇಡಾಗಲಿಲ್ಲ. “ಸಾರ್, ಪಟ್ಟಿ ಕಟ್ಟಿದರೆ ಬಲ ಬರುತ್ತದೆ ಅನ್ನುವುದು ಸುಳ್ಳೆ?” ಎಂದು ಅವನು ನಮ್ಮನ್ನು ಕೇಳಿದನು. ಸುಳ್ಳಲ್ಲ, ಆದರೆ ಅವನು ಕಟ್ಟಿಕೊಂಡುದು ಆ ಪಟ್ಟಿಯಲ್ಲ. ಈ ವ್ಯತ್ಯಾಸವನ್ನು ತಿಳಿಯಬೇಕಾದರೆ ಸ್ವಲ್ಪ ಶರೀರಶಾಸ್ತ್ರವೂ ಸ್ವಲ್ಪ ಭೌತಶಾಸ್ತ್ರವೂ ಬೇಕು.

ಸ್ನಾಯು ಬೆಳೆಯುವ ಬಗೆ

ಚಳ್ಳಕೆರೆಯ ಎಣ್ಣೆ ಗಿರಣಿಗಳಲ್ಲಿ ಶೇಂಗಾ ಮೂಟೆಗಳನ್ನು ಹೊರುವ ಹಮಾಲರನ್ನು ನೋಡಿದವರು, ಭಾರ ಎತ್ತಿದರೆ ಸ್ನಾಯು ಬಲಿಯುವುದೆಂಬುದನ್ನು ಪುಸ್ತಕದಿಂದ ಕಲಿಯಬೇಕಾಗಿಲ್ಲ. ಆದರೆ ಅದು ಬಲಿಯುವುದೇಕೆ?

ಸ್ನಾಯುವೆಂಬುದು ಸಾವಿರಾರು ತಂತುಗಳ ಒಂದು ಕಟ್ಟು. ಇವುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ನಿಧಾನ ತಂತುಗಳು ರಕ್ತ ತರುವ ಆಮ್ಲಜನಕವನ್ನು ಬಳಸಿ ಬಹಳ ಹೊತ್ತು ದುಡಿಯಬಲ್ಲವು. ವೇಗದ ತಂತುಗಳು ಆಮ್ಲಜನಕಕ್ಕೆ ಕಾಯದೆ ಅಲ್ಪಕಾಲ ಹೆಚ್ಚು ಬಲ ತೋರಿ ಬೇಗ ದಣಿಯುತ್ತವೆ. ವ್ಯಾಯಾಮದಿಂದ ಹೆಚ್ಚು ದಪ್ಪವಾಗುವುವೂ ಇವೇ. ನರಮಂಡಲವು ಎಲ್ಲ ತಂತುಗಳನ್ನೂ ಒಮ್ಮೆಗೇ ಕೆಲಸಕ್ಕೆ ಕರೆಯುವುದಿಲ್ಲ. ಮೊದಲು ಚಿಕ್ಕ ನರಕೋಶಗಳು, ಅಗತ್ಯ ಬಿದ್ದಂತೆ ದೊಡ್ಡವು ಎಚ್ಚೆತ್ತುಕೊಳ್ಳುತ್ತವೆಂಬ ನಿಯಮವನ್ನು ಎಲ್ವುಡ್ ಹೆನ್ನೆಮನ್ ಎಂಬ ವಿಜ್ಞಾನಿ ೧೯೫೭ರಲ್ಲಿ ತಿಳಿಸಿದರು. ಚಿಕ್ಕವು ನಿಧಾನ ತಂತುಗಳನ್ನೂ, ದೊಡ್ಡವು ವೇಗದ ತಂತುಗಳನ್ನೂ ಆಳುತ್ತವೆ.

ಹೊಲದ ಕೆಲಸವನ್ನು ನೆನೆಯಿರಿ. ಅಲ್ಪ ಕೆಲಸಕ್ಕೆ ಮನೆಯವರೇ ಸಾಕು. ಸುಗ್ಗಿ ಬಂದರೆ ಆಳುಗಳನ್ನು ಕರೆಯಬೇಕಾಗುತ್ತದೆ. ಆದರೆ ಕೆಲಸ ಅಲ್ಪವೇ ಇದ್ದು ಮನೆಯವರು ದಣಿದು ಕುಳಿತರೂ ಆಳುಗಳನ್ನು ಕರೆಯದೆ ವಿಧಿಯಿಲ್ಲ. ದೊಡ್ಡ ಭಾರವನ್ನು ಎತ್ತುವುದು ಮೊದಲನೆಯ ದಾರಿ. ರಕ್ತದ ಹರಿವನ್ನು ತಡೆದು ಹಗುರ ಭಾರವನ್ನು ಎತ್ತುವುದು ಎರಡನೆಯದು.

ಪಟ್ಟಿ ಮಾಡುವುದೇನು?

ಹೃದಯದಿಂದ ರಕ್ತವನ್ನು ಒಯ್ಯುವ ಅಪಧಮನಿಗಳಲ್ಲಿ ಒತ್ತಡ ಹೆಚ್ಚು. ಆರೋಗ್ಯವಂತನಲ್ಲಿ ಅದು ಪ್ರತಿ ಬಡಿತದಲ್ಲಿಯೂ ಸುಮಾರು ೧೨೦ ಮಿ.ಮೀ. ಪಾದರಸದವರೆಗೆ ಏರುತ್ತದೆ. ರಕ್ತವನ್ನು ಹಿಂದಕ್ಕೆ ತರುವ ಅಭಿಧಮನಿಗಳ ಗೋಡೆ ತೆಳು. ಹೃದಯದ ಮಟ್ಟದಲ್ಲಿ ಅವುಗಳೊಳಗಿನ ಒತ್ತಡ ಹತ್ತು ಮಿಲಿಮೀಟರಿನ ಆಸುಪಾಸು. ಆದುದರಿಂದ ತೋಳಿನ ಮೇಲ್ತುದಿಗೆ ಹದವಾಗಿ ಪಟ್ಟಿ ಬಿಗಿದರೆ ಅಭಿಧಮನಿಗಳು ಮುಚ್ಚುತ್ತವೆ, ಅಪಧಮನಿಗಳು ಕಿರಿದಾಗುತ್ತವೆಯಷ್ಟೆ. ಕೆರೆಗೆ ಬರುವ ಕಾಲುವೆಯ ನೀರು ಕಡಿಮೆಯಾಗಿ, ತೂಬೂ ಮುಚ್ಚಿಕೊಂಡಂತೆ ಇದು.

ಈ ಸ್ಥಿತಿಯಲ್ಲಿ ದುಡಿಯುವ ಸ್ನಾಯುವಿಗೆ ಆಮ್ಲಜನಕ ಸಾಲದು. ಫಾಸ್ಫೇಟು, ಆಮ್ಲ ಮೊದಲಾದುವು ಹೊರಹೋಗದೆ ಅಲ್ಲಿಯೇ ಕೂಡಿಕೊಳ್ಳುತ್ತವೆ. ನಿಧಾನ ತಂತುಗಳು ಬೇಗ ಸೋಲುತ್ತವೆ. ಭಾರ ಹಗುರವೇ ಆಗಿದ್ದರೂ ವೇಗದ ತಂತುಗಳಿಗೆ ಕರೆ ಹೋಗುತ್ತದೆ. ಹೀಗೆ ದುಡಿದ ತಂತುಗಳಲ್ಲಿ ಪ್ರೋಟೀನನ್ನು ಕಟ್ಟುವ ಕಾರ್ಯ ಚುರುಕಾಗುತ್ತದೆ. ಜೀವಕೋಶಗಳು ದ್ರವದಿಂದ ಉಬ್ಬುವುದೂ ಇದಕ್ಕೆ ಪ್ರೇರಕವೆಂದು ಕೆಲವರು ವಾದಿಸುತ್ತಾರೆ. ಹಗುರ ಭಾರವನ್ನು ಪಟ್ಟಿಯಿಲ್ಲದೆ ಸೋಲುವವರೆಗೆ ಎತ್ತಿದರೂ ಕೊನೆಗೆ ಇದೇ ಹಂತ ಬರುತ್ತದೆ. ಪಟ್ಟಿ ಅದನ್ನು ಬೇಗ ತರುತ್ತದೆ.

೨೦೦೦ದಲ್ಲಿ ತಕರಾದ ಎಂಬ ಜಪಾನೀ ವಿಜ್ಞಾನಿಯೂ ಅವರ ಸಂಗಡಿಗರೂ ವಯಸ್ಸಾದ ಸ್ತ್ರೀಯರ ತೋಳಿನ ಸ್ನಾಯುಗಳ ಮೇಲೆ ೧೬ ವಾರ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ಪಟ್ಟಿ ಕಟ್ಟಿ ಹಗುರ ಭಾರ ಎತ್ತಿದವರ ಸ್ನಾಯುಗಳು, ಪಟ್ಟಿಯಿಲ್ಲದೆ ದೊಡ್ಡ ಭಾರ ಎತ್ತಿದವರವುಗಳಷ್ಟೇ ಬೆಳೆದಿದ್ದುವು. ಅನಂತರದ ಅನೇಕ ಪ್ರಯೋಗಗಳನ್ನು ಕೂಡಿಸಿ ನೋಡಿದಾಗ, ಗಾತ್ರದಲ್ಲಿ ಎರಡು ಮಾರ್ಗಗಳೂ ಹೆಚ್ಚುಕಡಿಮೆ ಸಮವೆಂದೂ, ಬಲವನ್ನು ಹೆಚ್ಚಿಸುವುದರಲ್ಲಿ ದೊಡ್ಡ ಭಾರವೇ ಮೇಲೆಂದೂ ಕಂಡುಬಂದಿದೆ.

ಒತ್ತಡದ ಲೆಕ್ಕ

ಇನ್ನು ಸೈಕಲ್ ಟ್ಯೂಬಿನ ವಿಷಯ. ದುಂಡಾದ ವಸ್ತುವಿಗೆ ಪಟ್ಟಿ ಸುತ್ತಿದಾಗ ಅದು ಒತ್ತುವ ಒತ್ತಡವೆಷ್ಟು? ಪಟ್ಟಿಯ ಎಳೆತವನ್ನು ತೋಳಿನ ತ್ರಿಜ್ಯ ಮತ್ತು ಪಟ್ಟಿಯ ಅಗಲ ಇವೆರಡರ ಗುಣಲಬ್ಧದಿಂದ ಭಾಗಿಸಿದರೆ ಉತ್ತರ ಬರುತ್ತದೆ.

ತೋಳಿನ ತ್ರಿಜ್ಯ ೫ ಸೆಂ.ಮೀ., ಎಳೆತ ೧೦ ಕಿಲೋಗ್ರಾಮು ತೂಕದಷ್ಟು, ಎಂದರೆ ೯೮ ನ್ಯೂಟನ್, ಎಂದಿಟ್ಟುಕೊಳ್ಳೋಣ. ಪಟ್ಟಿಯ ಅಗಲ ೧೦ ಸೆಂ.ಮೀ. ಇದ್ದರೆ ಒತ್ತಡ ಚದರ ಮೀಟರಿಗೆ ೧೯,೬೦೦ ನ್ಯೂಟನ್. ಇದು ಸುಮಾರು ೧೪೭ ಮಿ.ಮೀ. ಪಾದರಸಕ್ಕೆ ಸಮ. ಅದೇ ಎಳೆತವನ್ನು ೧ ಸೆಂ.ಮೀ. ಅಗಲದ ಟ್ಯೂಬಿನಿಂದ ಕೊಟ್ಟರೆ ಒತ್ತಡ ಹತ್ತು ಮಡಿಯಾಗಿ ೧,೪೭೦ ಮಿ.ಮೀ. ಆಗುತ್ತದೆ! ಕಟ್ಟುವ ಕೈಗೆ ಎರಡರಲ್ಲಿಯೂ ಒಂದೇ ಬಿಗಿ. ಒಳಗಿನ ನರಕ್ಕೆ ಹತ್ತು ಪಟ್ಟು ವ್ಯತ್ಯಾಸ. ತೊಡೆಯ ತ್ರಿಜ್ಯ ತೋಳಿನದಕ್ಕಿಂತ ಇಮ್ಮಡಿಯಿದ್ದರೆ, ಅದೇ ಪಟ್ಟಿ ಅದೇ ಎಳೆತಕ್ಕೆ ಅರ್ಧ ಒತ್ತಡವನ್ನು ಮಾತ್ರ ಕೊಡುತ್ತದೆ. ಆದಕಾರಣ ಬಿಗಿಯನ್ನು ಕೈ ಅಂದಾಜಿನಿಂದ ತಿಳಿಯಲಾಗದು.

ಪಟ್ಟಿಯ ಅಗಲದ ಮಹತ್ವವನ್ನು ವೈದ್ಯರು ಬಹಳ ಹಿಂದೆಯೇ ಅರಿತರು. ೧೮೯೬ರಲ್ಲಿ ಇಟಲಿಯ ರಿವಾ-ರೊಚ್ಚಿ ಅವರು ರಕ್ತದ ಒತ್ತಡವನ್ನು ಅಳೆಯಲು ಗಾಳಿ ತುಂಬುವ ಪಟ್ಟಿಯನ್ನು ಬಳಸಿದರು. ಅದು ಕಿರಿದಾದುದರಿಂದ ಅಳತೆ ಇರಬೇಕಾದುದಕ್ಕಿಂತ ಹೆಚ್ಚಾಗಿ ಬರುತ್ತಿತ್ತು. ೧೯೦೧ರಲ್ಲಿ ಜರ್ಮನಿಯ ಫಾನ್ ರೆಕ್ಲಿಂಗ್‌ಹೌಸೆನ್ ಪಟ್ಟಿಯನ್ನು ಅಗಲಗೊಳಿಸಿ ದೋಷವನ್ನು ತಿದ್ದಿದರು. ಅಗಲವಾದ ಪಟ್ಟಿಯ ಒತ್ತಡ ಆಳದ ಅಪಧಮನಿಯವರೆಗೂ ಚೆನ್ನಾಗಿ ತಲಪುತ್ತದೆ. ಅಲ್ಪ ಒತ್ತಡದಿಂದಲೇ ಕೆಲಸವಾಗುತ್ತದೆ.

ಯಾರಿಗೆ, ಎಷ್ಟು?

ಚಿಕಿತ್ಸಾಲಯಗಳಲ್ಲಿ ಮೊದಲು ಆಯಾ ವ್ಯಕ್ತಿಯ ಅಪಧಮನಿಯನ್ನು ಪೂರ್ತಿ ಮುಚ್ಚಲು ಬೇಕಾಗುವ ಒತ್ತಡವನ್ನು ಉಪಕರಣದಿಂದ ಕಂಡುಹಿಡಿಯುತ್ತಾರೆ. ವ್ಯಾಯಾಮಕಾಲದಲ್ಲಿ ಅದರ ಶೇಕಡಾ ೪೦ರಿಂದ ೮೦ರಷ್ಟನ್ನು ಮಾತ್ರ ಇಡುತ್ತಾರೆ. ಒಮ್ಮೆಗೆ ಎತ್ತಬಲ್ಲ ಗರಿಷ್ಠ ಭಾರದ ಶೇಕಡಾ ೨೦ರಿಂದ ೪೦ರಷ್ಟನ್ನು ಮೊದಲು ೩೦ ಸಲ, ಅನಂತರ ಮೂರು ಬಾರಿ ೧೫ ಸಲದಂತೆ, ಒಟ್ಟು ೭೫ ಸಲ ಎತ್ತಿಸುವುದು ರೂಢಿ. ನಡುವೆ ಅರ್ಧದಿಂದ ಒಂದು ನಿಮಿಷದ ವಿರಾಮ. ಮುಗಿದೊಡನೆ ಪಟ್ಟಿಯನ್ನು ಸಡಿಲಿಸುತ್ತಾರೆ. ರಕ್ತ ಹೆಪ್ಪುಗಟ್ಟುವ ದೋಷವುಳ್ಳವರು, ಹತೋಟಿಗೆ ಬಾರದ ರಕ್ತದೊತ್ತಡವುಳ್ಳವರು, ಹೃದ್ರೋಗಿಗಳು, ಗರ್ಭಿಣಿಯರು ವೈದ್ಯರ ಸಮ್ಮತಿಯಿಲ್ಲದೆ ಇದಕ್ಕೆ ಕೈಹಾಕಬಾರದು. ಅಭ್ಯಾಸವಿಲ್ಲದವರು ಅತಿಯಾಗಿ ಮಾಡಿದರೆ ಸ್ನಾಯು ಒಡೆದು, ಅದರ ದ್ರವ್ಯ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಅಪಾಯವಾಗುವ ಸಂಭವವೂ ಉಂಟು. ಜೋಮು ಬಂದರೆ ಒಡನೆ ಬಿಚ್ಚಬೇಕು. ಅದು ಸ್ನಾಯು ಬೆಳೆಯುವ ಗುರುತಲ್ಲ, ನರ ಒತ್ತಿಹೋಗುತ್ತಿರುವ ಎಚ್ಚರಿಕೆ.

ಹಾಗಾದರೆ ಇದರ ಪ್ರಯೋಜನ ಯಾರಿಗೆ? ಮಂಡಿಯ ಶಸ್ತ್ರಚಿಕಿತ್ಸೆಯಾದ ಮೇಲೆ ದೊಡ್ಡ ಭಾರವನ್ನು ಎತ್ತಲಾಗದೆ ತೊಡೆ ಸೊರಗುತ್ತಿರುವವರಿಗೆ. ಮುಪ್ಪಿನಿಂದ ಸ್ನಾಯು ಕರಗುತ್ತಿದ್ದು ಕೀಲುನೋವಿನಿಂದ ಭಾರ ಹೊರಲಾಗದ ಅಜ್ಜಿಗೆ. ತರಬೇತು ಪಡೆದವರ ಕಣ್ಣೆದುರಿನಲ್ಲಿ, ಅಳತೆಯ ಪಟ್ಟಿಯಿಂದ, ಇಂತಹವರು ಹಗುರ ಭಾರದಿಂದಲೇ ಕಾಲೂರಿ ನಿಲ್ಲುವ ಬಲವನ್ನು ಮರಳಿ ಪಡೆಯಬಹುದು.

ನಮ್ಮ ವಿದ್ಯಾರ್ಥಿಗೆ ನಾವು ಇಷ್ಟನ್ನೇ ಹೇಳಿದೆವು: ಸ್ನಾಯುವಿಗೆ ಕಿಲೋಗ್ರಾಮು ತಿಳಿಯದು, ತನ್ನ ಕಷ್ಟ ಮಾತ್ರ ತಿಳಿಯುತ್ತದೆ. ಆ ಕಷ್ಟವನ್ನು ಕೊಡಲು ನಿನ್ನ ವಯಸ್ಸಿಗೆ ಗರಡಿಯ ಭಾರವೇ ಸಾಕು. ಅದನ್ನು ಎತ್ತಲಾರದವರಿಗಾಗಿ ಪಟ್ಟಿ ಇದೆ; ಅದನ್ನು ಕಟ್ಟುವ ಮುನ್ನ ಒತ್ತಡವನ್ನು ಅಳೆಯುವವರು ಬೇಕು. ಅವನು ಟ್ಯೂಬನ್ನು ಮತ್ತೆ ಸೈಕಲ್ ಅಂಗಡಿಗೆ ಕೊಟ್ಟು ಬಂದನೆಂದು ಕೇಳಿ ನಮಗೆ ಸಮಾಧಾನವಾಯಿತು.