ಠಾಣೆಯ ಮೆಟ್ಟಿಲು ಹತ್ತುವ ಮುಂಚೆ

ಪುಟ್ಟಾ, ಕೊಟ್ಟ ದುಡ್ಡು ವಾಪಸ್ ಬರದಿದ್ದರೆ ಹೊಟ್ಟೆ ಉರಿಯೋದು ಸಹಜ. ಠಾಣೆಗೆ ಹೋಗಲೇಬೇಡ ಅಂತ ನಾನು ಹೇಳೋನಲ್ಲ. ಆದರೆ ‘ಆ ಫೋರ್‌ಟ್ವೆಂಟಿ ನನ್ನ ದುಡ್ಡು ಕದ್ದ’ ಅಂತ ಮಾತ್ರ ದೂರಿನಲ್ಲಿ ಬರೀಬೇಡ. ಕಳವು ಬೇರೆ, ಮೋಸ ಬೇರೆ. ನಿನ್ನದು ಎರಡೂ ಅಲ್ಲದೆ ಬರೀ ಸಾಲದ ವ್ಯಾಜ್ಯವೂ ಆಗಿರಬಹುದು.

ಒಬ್ಬರ ಸ್ವಾಧೀನದಲ್ಲಿರೋ ಚರಸ್ವತ್ತನ್ನ ಅವರ ಒಪ್ಪಿಗೆಯಿಲ್ಲದೆ, ಅಪ್ರಾಮಾಣಿಕ ಉದ್ದೇಶದಿಂದ ಜಾಗದಿಂದ ಕದಲಿಸಿದರೆ ಕಳವು. ಹೊಸಿಲು ದಾಟಿಸಲೇಬೇಕು ಅಂತಿಲ್ಲ. ಸ್ವತ್ತು ಯಾರದ್ದು ಅನ್ನೋದಕ್ಕಿಂತ ಯಾರ ಕೈಯಲ್ಲಿತ್ತು ಅನ್ನೋದೇ ಇಲ್ಲಿ ಮುಖ್ಯ. ಗಿರವಿ ಇಟ್ಟ ನಿನ್ನದೇ ಗಡಿಯಾರವನ್ನ ಸಾಲ ತೀರಿಸದೆ, ಸಾಲ ಕೊಟ್ಟವನಿಗೆ ಹೇಳದೆ ಎತ್ತಿಕೊಂಡು ಬಂದರೆ ನೀನೇ ಕಳ್ಳ. 1860ರ ದಂಡ ಸಂಹಿತೆಯಲ್ಲೇ ಕೊಟ್ಟಿರೋ ಉದಾಹರಣೆ ಇದು. ಪ್ಯಾರೇಲಾಲ್ ಭಾರ್ಗವ ಪ್ರಕರಣದಲ್ಲಂತೂ ಕಚೇರಿಯ ಕಡತ ಮನೆಗೊಯ್ದು ಮಾರನೇ ದಿನ ತಂದಿಟ್ಟರೂ ಸುಪ್ರೀಂ ಕೋರ್ಟ್ ಅದನ್ನ ಕಳವು ಅಂತಲೇ ಕರೆಯಿತು.

ನಿನ್ನ ದುಡ್ಡನ್ನ ಅವನು ಎತ್ತಿಕೊಳ್ಳಲಿಲ್ಲ, ನೀನೇ ಎಣಿಸಿ ಕೊಟ್ಟೆ. ಆದ್ದರಿಂದ ಕಳವಿನ ಮಾತೇ ಬೇಡ. ಉಳಿಯೋದು ಮೋಸ. ಹಳೇ 420 ಈಗಿಲ್ಲ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ. ಅದರ 4ನೇ ಉಪಕಲಂ ಪ್ರಕಾರ ವಂಚಿಸಿ ಸ್ವತ್ತು ಕೊಡಿಸಿಕೊಂಡವನಿಗೆ ಏಳು ವರ್ಷದವರೆಗೆ ಸಜೆ. ಸಾದಾ ಕಳವಿಗೆ ಮೂರು. ಬೀಗ ಮುರಿಯದೆ, ನಗುನಗುತ್ತಾ ಇಸಿದುಕೊಂಡವನಿಗೇ ಹೆಚ್ಚು ಶಿಕ್ಷೆ. ಸರಿಯಾಗೇ ಇದೆ, ಬಿಡು.

ಈ ಏಳು ವರ್ಷಕ್ಕೆ ಆಸೆಪಟ್ಟೇ ಎಲ್ಲರೂ 420 ಅಂತ ಬರೆಸೋದು. ಕೋರ್ಟಿನಲ್ಲಿ ಮೊದಲು ಏಳೋ ಪ್ರಶ್ನೆ ಒಂದೇ: ದುಡ್ಡು ಇಸಿದುಕೊಂಡ ಆ ಗಳಿಗೆಯಲ್ಲಿ ಅವನ ಮನಸ್ಸಿನಲ್ಲಿ ಏನಿತ್ತು? ಆಮೇಲೆ ಕೆಟ್ಟ ಬುದ್ಧಿ ಬಂದಿದ್ದರೆ ಅದು ಮೋಸವಾಗಲ್ಲ. 2000ದಲ್ಲಿ ಹೃದಯ ರಂಜನ್ ಪ್ರಸಾದ್ ವರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಬಿಡಿಸಿ ಹೇಳಿದೆ. ಅಂಗಡಿ ಹಾಕ್ತೀನಿ ಅಂತ ಇಸಿದುಕೊಂಡು ನಿಜವಾಗಿಯೂ ಹಾಕಿ, ವ್ಯಾಪಾರ ಮುಳುಗಿದ್ದರೆ ನಿನ್ನ ದಾರಿ ಸಿವಿಲ್ ಕೋರ್ಟು. ಇಲ್ಲದ ಅಂಗಡಿಯ ಸುಳ್ಳು ಬಾಡಿಗೆ ಕರಾರು ತೋರಿಸಿ ಇಸಿದುಕೊಂಡಿದ್ದರೆ ಮಾತೇ ಬೇರೆ.

ದೂರು ಬರೆಯೋ ಕೆಲವರು ಜೊತೆಗೆ ನಂಬಿಕೆದ್ರೋಹವನ್ನೂ ಸೇರಿಸಿಬಿಡ್ತಾರೆ. ಅದು 316ನೇ ಕಲಂ. ಪ್ರಾಮಾಣಿಕವಾಗಿ ಒಪ್ಪಿಸಿದ ಸ್ವತ್ತನ್ನ ಆಮೇಲೆ ನುಂಗಿದವನಿಗೆ ಅನ್ವಯಿಸುತ್ತೆ. ಮೋಸದಲ್ಲಿ ದುರುದ್ದೇಶ ಮೊದಲೇ ಇರಬೇಕು, ಇದರಲ್ಲಿ ಆಮೇಲೆ ಹುಟ್ಟುತ್ತೆ. ಒಂದೇ ಸಂಗತಿಗೆ ಎರಡನ್ನೂ ಹಾಕೋಕೆ ಬರಲ್ಲ ಅಂತ 2024ರಲ್ಲಿ ದೆಹಲಿ ರೇಸ್ ಕ್ಲಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪೊಲೀಸರಿಗೇ ಪಾಠ ಹೇಳಿತು.

ಈಗ ನೀನು ಮಾಡಬೇಕಾದ್ದು ಕೇಳು. ದುಡ್ಡು ಕೊಡೋ ಮುಂಚೆ ಅವನು ಕಳಿಸಿದ ವಾಟ್ಸಾಪ್ ಸಂದೇಶಗಳನ್ನ ಅಳಿಸಬೇಡ; ಆಮೇಲೆ ಬೈದಾಡಿಕೊಂಡಿದ್ದಕ್ಕಿಂತ ಅವು ಹತ್ತು ಪಾಲು ಬೆಲೆಬಾಳುತ್ತವೆ. ಬ್ಯಾಂಕಿನ ಮೂಲಕ ಕಳಿಸಿದ್ದರೆ ಸ್ಟೇಟ್‌ಮೆಂಟ್ ತೆಗೆಸು. ಅವನು ಕೊಟ್ಟ ಚೆಕ್ ಬೌನ್ಸ್ ಆಗಿದೆಯಾ? ಬ್ಯಾಂಕಿನ ಮೆಮೊ ಕೈಗೆ ಬಂದ 30 ದಿನದೊಳಗೆ ಲಿಖಿತ ನೋಟಿಸ್ ಕಳಿಸಲೇಬೇಕು. ನೋಟಿಸ್ ತಲುಪಿ 15 ದಿನ ಕಳೆದರೂ ಅವನು ದುಡ್ಡು ಕೊಡದಿದ್ದರೆ, ಅಲ್ಲಿಂದ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ದೂರು ಹಾಕಬೇಕು. ಠಾಣೆಗೆ ಅಲೆಯುತ್ತಾ ಆ 30 ದಿನ ಕಳೆದುಕೊಂಡವರನ್ನ ನಾನು ಬೇಕಾದಷ್ಟು ನೋಡಿದ್ದೀನಿ. ಮೆಮೊ ಯಾವತ್ತು ಬಂತು ಅಂತ ಇವತ್ತೇ ಹುಡುಕಿ ನೋಡು.